ಸಮುದ್ರ ಸಾಕ್ಷಿ ಹೇಳುವುದಿಲ್ಲ

ನಮ್ಮ ಮಾಯಸಂದ್ರದ ಕಡೆ, ಮನೆಯವರಿಗೆ ಹೇಳದೆ ಮದುವೆಯಾದವರ ಬಗ್ಗೆ ಮಾತಾಡಲು ಎರಡೇ ವಾಕ್ಯಗಳಿವೆ. ಒಂದು, ‘ಹುಡುಗಿ ಓಡಿಹೋದಳು.’ ಇನ್ನೊಂದು, ‘ಹುಡುಗ ಕರಕೊಂಡು ಹೋದ.’ ಮೊದಲನೆಯದರಲ್ಲಿ ಅವಳು ಅಪರಾಧಿ, ಎರಡನೆಯದರಲ್ಲಿ ಯಾರೋ ಎತ್ತಿಕೊಂಡು ಹೋದ ವಸ್ತು. ಇಬ್ಬರೂ ಕೂತು ಮಾತಾಡಿ, ದುಡ್ಡಿನ ಲೆಕ್ಕ ಹಾಕಿ, ದಿನ ಗೊತ್ತುಮಾಡಿ ಹೊರಟರು ಎನ್ನುವ ಮೂರನೆಯ ವಾಕ್ಯ ನಮ್ಮ ಅರಳಿಕಟ್ಟೆಗಳಲ್ಲಿ ಇನ್ನೂ ಹುಟ್ಟಿಲ್ಲ.

ನನ್ನ ಅಕ್ಕನ ಮಗಳು ಈಗ ಆ ಮೂರನೆಯ ವಾಕ್ಯ ಬರೆಯಲು ಹೊರಟಿದ್ದಾಳೆ. ಇಪ್ಪತ್ತಾರು ವರ್ಷ, ಬೆಂಗಳೂರಿನಲ್ಲಿ ಕೆಲಸ. ಹುಡುಗ ಬೇರೆ ಜಾತಿಯವನು. ಗೋಕರ್ಣದ ಓಂ ಬೀಚಿನಲ್ಲಿ, ಸಂಜೆ ಬೆಳಕಿನಲ್ಲಿ, ಆರೇಳು ಗೆಳೆಯರ ಎದುರು ಹಾರ ಬದಲಾಯಿಸಿಕೊಳ್ಳುವ ಯೋಜನೆ. ಯಡಿಯೂರಿಗೆ ಬಂದರೆ ಮಂಗಳೂರಿನ ಹೆದ್ದಾರಿ ಸಿಗುತ್ತದೆ. ಸಮುದ್ರ ನಮಗೆ ಒಂದು ರಾತ್ರಿಯ ಪ್ರಯಾಣದಷ್ಟೇ ದೂರ. ‘ಮಾಮ, ಅಪ್ಪನಿಗೆ ಹೇಳಬೇಡ’ ಎಂದಿದ್ದಾಳೆ. ಧಾರೆಮಂಟಪಕ್ಕೆ ಹುಡುಗಿಯನ್ನು ಕರೆತರುವುದು ನಮ್ಮಲ್ಲಿ ಸೋದರಮಾವನ ಕೆಲಸ. ಹಾಗಾಗಿ ಪ್ರಶ್ನೆ ಅವಳೊಬ್ಬಳದಲ್ಲ, ನನ್ನದೂ ಹೌದು: ಹೇಳದೆ ಮದುವೆಯಾಗುವುದು ದ್ರೋಹವೇ?

ಅಪ್ಪಣೆಯ ವಿಚಾರವನ್ನು ಮೊದಲು ಪಕ್ಕಕ್ಕಿಡಬಹುದು. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ, ಕುಲದ ಸಮ್ಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿತು. 2021ರ ಫೆಬ್ರವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ ಅದನ್ನೇ ಮತ್ತೆ ಹೇಳಿ, ಮಗಳು ಕಾಣೆಯಾಗಿದ್ದಾಳೆಂದು ತಂದೆ ಕೊಟ್ಟ ದೂರಿನ ಎಫ್‌ಐಆರ್ ರದ್ದು ಮಾಡಿತು. ಅವಳು ಕಾಣೆಯಾಗಿರಲಿಲ್ಲ, ತಾನೇ ಆರಿಸಿದವನ ಜೊತೆ ಇದ್ದಳು.

ನಮ್ಮ ಹಿರಿಯರಿಗೆ ಇದು ಒಪ್ಪುವುದಿಲ್ಲ. ಅವರು ಉಂಡೆ ಕೊಬ್ಬರಿಯ ಉದಾಹರಣೆ ಕೊಡುತ್ತಾರೆ. ಅಟ್ಟದ ಮೇಲೆ ಕಾಯಿ ವರ್ಷದ ಹತ್ತಿರ ಕೂರಬೇಕು. ಅಲುಗಾಡಿಸಿದಾಗ ಒಳಗೆ ಸದ್ದಾಗಬೇಕು. ಅದಕ್ಕೆ ಮೊದಲೇ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿ ಚೂರಾಗುತ್ತದೆ. ಮಕ್ಕಳೂ ಹಾಗೇ, ಬಲಿಯಬೇಕು ಎನ್ನುತ್ತಾರೆ. ಮಾತು ಚೆಂದವಿದೆ. ಆದರೆ ಕಾಯಿಗೆ ಬಾಯಿಲ್ಲ, ಅಲುಗಾಡಿಸಿ ನೋಡಿದವನದೇ ತೀರ್ಮಾನ. ಮಗಳಿಗೆ ಬಾಯಿದೆ.

ಅಪ್ಪಣೆ ಬೇಡ ಎಂದಮೇಲೂ ಉಳಿಯುವುದು ತಿಳಿಸುವ ಪ್ರಶ್ನೆ. ಸಾಕಿದವರಿಗೆ ತಡೆಯುವ ಹಕ್ಕಿಲ್ಲದಿರಬಹುದು, ಮಗಳ ಮದುವೆಯ ಸುದ್ದಿಯನ್ನು ಅವಳ ಬಾಯಿಂದ ಕೇಳುವ ಹಕ್ಕೂ ಇಲ್ಲವೇ? ಇದೆ ಎಂದೇ ನಾನು ತಿಳಿದಿದ್ದೇನೆ. ಆದರೆ ಹೇಳುವುದನ್ನೇ ಅಪಾಯ ಮಾಡಿಟ್ಟವರು ಆ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಹೇಳಿದರೆ ಅಪ್ಪ ಅಳುತ್ತಾನೆ, ಎರಡು ದಿನ ಊಟ ಬಿಡುತ್ತಾನೆ ಎಂದಾದರೆ ಅದು ದುಃಖ. ಪ್ರೀತಿಸಿದವರು ಅದನ್ನು ಎದುರು ನಿಂತು ನೋಡಬೇಕು. ಹೇಳಿದರೆ ಫೋನು ಕಿತ್ತುಕೊಂಡು, ಬಾಗಿಲು ಹಾಕಿ, ವಾರದೊಳಗೆ ಬೇರೆ ಗಂಡು ಗೊತ್ತುಮಾಡುತ್ತಾರೆ ಎಂದಾದರೆ ಅದು ಅಪಾಯ. ಅಲ್ಲಿ ಮೌನ ದ್ರೋಹವಲ್ಲ. ‘ಬಾವಿಗೆ ಬೀಳುತ್ತೇನೆ’ ಎನ್ನುವ ತಾಯಿಯದು ದುಃಖವೋ ಬೆದರಿಕೆಯೋ ಎನ್ನುವುದು ಮಾತ್ರ ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ.

ಭಾವ ಮಗಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಹಾಗಂತ ಅವಳಿಗೆ ಹೇಳಿದೆ. ‘ಅಪ್ಪ ಹೊಡೆಯಲ್ಲ ಮಾಮ. ಆದರೆ ದೊಡ್ಡಪ್ಪ ಚಿಕ್ಕಪ್ಪಂದಿರು ಸೇರಿದರೆ ಅಪ್ಪ ಅಪ್ಪನಾಗಿ ಉಳಿಯಲ್ಲ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬನೇ ಇದ್ದಾಗ ಕರಗುವವನು ನಾಲ್ಕು ಜನರ ನಡುವೆ ಕಲ್ಲಾಗುವುದನ್ನು ನಾವೆಲ್ಲ ನೋಡಿದ್ದೇವೆ.

ಅಪ್ಪಂದಿರೇ ಮುಂದೆ ನಿಂತ ಮದುವೆಗೂ ನಮ್ಮ ಸಮಾಜ ಏನು ಮಾಡಿತು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಎಲ್ಲರೆದುರೇ ಧಾರೆ ಎರೆದರು. ಅದಕ್ಕೆ ಇಬ್ಬರು ತಂದೆಯರೂ ಜೀವ ತೆತ್ತರು ಎಂದು ಶರಣ ಪರಂಪರೆ ಹೇಳುತ್ತದೆ. ಬಹಿರಂಗವಾಗಿ ಮಾಡಿದವರಿಗೆ ಹೀಗಾದ ಮೇಲೆ, ಗುಟ್ಟಾಗಿ ಮಾಡಿಕೊಂಡವರಿಗೆ ‘ಧೈರ್ಯ ಸಾಲದು’ ಎನ್ನಲು ನಮಗೆ ಬಾಯಿ ಬರಬಾರದು.

ಆದರೂ ಗುಟ್ಟಿಗೆ ಒಂದು ಅಪಾಯವಿದೆ. ಅದನ್ನು ಶಕುಂತಲೆಯ ಕತೆ ಕಾಳಿದಾಸನಿಗಿಂತ ಮಹಾಭಾರತದಲ್ಲಿ ನಿಷ್ಠುರವಾಗಿ ತೋರಿಸುತ್ತದೆ. ಅಲ್ಲಿ ಶಾಪವಿಲ್ಲ, ಮರೆವಿಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ಸಭೆಯಲ್ಲಿ ಇಲ್ಲವೆನ್ನುತ್ತಾನೆ. ಕಣ್ವ ಆಶ್ರಮದಲ್ಲಿಲ್ಲದಾಗ ಆದ ಮದುವೆಗೆ ಮನುಷ್ಯರ ಸಾಕ್ಷಿಯಿರಲಿಲ್ಲ. ಕೊನೆಗೆ ಆಕಾಶವಾಣಿಯೇ ನುಡಿಯಬೇಕಾಯಿತು. ಇವತ್ತಿನ ಹೆಣ್ಣುಮಕ್ಕಳಿಗೆ ಆಕಾಶ ಮಾತಾಡುವುದಿಲ್ಲ, ಸಮುದ್ರವೂ ಅಷ್ಟೇ. ಸಾಕ್ಷಿಯಿಲ್ಲದ ಮದುವೆ ಮುರಿದಾಗ ಅದರ ಭಾರ ಹೆಚ್ಚಾಗಿ ಬೀಳುವುದು ಅವಳ ಮೇಲೆಯೇ.

ಹಾಗಾಗಿ ಓಂ ಬೀಚಿನ ಫೋಟೋ ಮದುವೆಯಲ್ಲ ಎಂದು ಅವಳಿಗೆ ಹೇಳಿದ್ದೇನೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ಆಮೇಲೆ 30 ದಿನದ ನೋಟಿಸು, ಮೂವರು ಸಾಕ್ಷಿಗಳ ಸಹಿ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಸಾಕ್ಷಿ ಬೇಕೆನ್ನುವ ಕಾನೂನೇ ಓಡಿಬಂದವರ ಗುಟ್ಟನ್ನು ಗೋಡೆಗೆ ಅಂಟಿಸುತ್ತದೆ. ಇಬ್ಬರೂ ಹಿಂದೂಗಳೇ ಆದ್ದರಿಂದ 1955ರ ಹಿಂದೂ ವಿವಾಹ ಕಾಯ್ದೆಯ ದಾರಿಯೂ ಇದೆ, ಅಲ್ಲಿ ಜಾತಿ ಅಡ್ಡ ಬರುವುದಿಲ್ಲ. ಆದರೆ ಶಾಸ್ತ್ರ ಸರಿಯಾಗಿ ನಡೆಯಬೇಕು, ನೋಂದಣಿಯಾಗಬೇಕು.

ಸರಳ ಮದುವೆಗೂ ಗುಟ್ಟಿನ ಮದುವೆಗೂ ವ್ಯತ್ಯಾಸವಿದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ, ಅವರ ಮಗ ತೇಜಸ್ವಿಯವರು 1966ರಲ್ಲಿ ಆದ ಮದುವೆ, ಅದ್ಧೂರಿಯನ್ನು ಕೈಬಿಟ್ಟವು, ವರದಕ್ಷಿಣೆಯನ್ನು ಕೈಬಿಟ್ಟವು. ಮನುಷ್ಯರ ಎದುರು ಮಾತು ಕೊಡುವುದನ್ನು ಬಿಡಲಿಲ್ಲ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ನೋಂದಣಿ ಆಗುವವರೆಗೆ ಬಾಯಿ ಬಿಡುವುದಿಲ್ಲ. ಸಾಕ್ಷಿಗಳಲ್ಲಿ ಒಬ್ಬನಾಗಿ ಸಹಿ ಹಾಕುತ್ತೇನೆ. ಅದೇ ದಿನ, ಊರಿನ ಬೇರೆ ಬಾಯಿಗಳಿಗಿಂತ ಮೊದಲು, ಭಾವನಿಗೆ ಅವಳೇ ಫೋನು ಮಾಡಬೇಕು. ಆ ಹೊತ್ತಿಗೆ ನಾನು ಅವರ ಜಗಲಿಯ ಮೇಲೆ ಕೂತಿರುತ್ತೇನೆ. ಆಮೇಲೆ ಅವರು ನನ್ನನ್ನು ಮನೆಗೆ ಸೇರಿಸದಿರಬಹುದು. ಅವರ ಕೋಪ ನ್ಯಾಯವೇ, ನನಗೆ ಅದರ ಬಗ್ಗೆ ತಕರಾರಿಲ್ಲ. ಬೀಚಿಗೆ ಬೇಕಾದರೆ ಅವರಿಬ್ಬರೂ ಮಾರನೆಯ ದಿನ ಹೋಗಲಿ.