ಹಸಿದು ಹಲಸು, ಉಂಡು ಮಾವು

ಬೇಸಿಗೆಯ ನಡುವಿನಿಂದ ಮುಂಗಾರಿನ ಮೊದಲ ವಾರಗಳವರೆಗೆ ಕರ್ನಾಟಕದ ಹಿತ್ತಿಲುಗಳಲ್ಲಿ ಹಲಸು ಮತ್ತು ಮಾವು ಒಟ್ಟೊಟ್ಟಿಗೆ ಹಣ್ಣಾಗುತ್ತವೆ. ಆದರೆ ‘ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು’ ಎಂಬ ಗಾದೆ ಅವೆರಡನ್ನೂ ಒಂದೇ ಹೊತ್ತಿಗೆ ಬಡಿಸಲು ಒಪ್ಪುವುದಿಲ್ಲ. ‘ಹಸಿದು ಹಲಸು, ಉಂಡು ಮಾವು’ ಎಂದು ನಾಲ್ಕೇ ಪದಗಳಿಗೆ ಇಳಿದೂ ಬಳಕೆಯಲ್ಲಿರುವ ಈ ಮಾತನ್ನು ಸಾಮಾನ್ಯವಾಗಿ ಪಥ್ಯದ ಸೂತ್ರವೆಂದು, ಅಂದರೆ ದೇಹಕ್ಕೆ ಹಿತವಾದ ಆಹಾರಕ್ರಮವನ್ನು ತಿಳಿಸುವ ನಿಯಮವೆಂದು ವಿವರಿಸಲಾಗುತ್ತದೆ. ಆ ವಿವರಣೆ ಸರಿಯಾದದ್ದೇ. ಆದರೂ ಈ ಎರಡು ಹಣ್ಣುಗಳ ಸುತ್ತ ಮನೆಮಂದಿ ಹೇಗೆ ಕೂಡುತ್ತಿದ್ದರೆಂಬುದನ್ನು ನೋಡದೆ ಗಾದೆಯ ಪೂರ್ತಿ ಅರ್ಥ ಕೈಗೆ ಸಿಗುವುದಿಲ್ಲ.

ಮೊದಲು ಪಥ್ಯದ ಮಾತು. ಆಯುರ್ವೇದವು ಹಲಸಿನ ಹಣ್ಣನ್ನು ‘ಗುರು’ ಗುಣದ ಪದಾರ್ಥಗಳ ಸಾಲಿಗೆ ಸೇರಿಸುತ್ತದೆ. ಗುರು ಎಂದರೆ ಜಠರದಲ್ಲಿ ಹೆಚ್ಚು ಹೊತ್ತು ನಿಂತು ತಡವಾಗಿ ಜೀರ್ಣವಾಗುವಂಥದು. ಇಂದಿನ ಆಹಾರ ಕೋಷ್ಟಕಗಳನ್ನು ನೋಡಿದರೂ 100 ಗ್ರಾಂ ಹಲಸಿನ ತೊಳೆಯಲ್ಲಿ ಸುಮಾರು 23 ಗ್ರಾಂ ಶರ್ಕರಪಿಷ್ಟ ಮತ್ತು 95 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಮಾವಿನಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟ ಮತ್ತು 60 ಕ್ಯಾಲೊರಿ ಇರುವುದು ಕಾಣುತ್ತದೆ. ಹಲಸನ್ನು ಎರಡು ತೊಳೆಗೆ ನಿಲ್ಲಿಸಿದವರು ವಿರಳವಾದುದರಿಂದ ಊಟದ ಮೇಲೆ ಅದು ಬಿದ್ದರೆ ಎರಡನೆಯ ಊಟವೇ ಆಗುತ್ತದೆ. ಮಾವಿನಲ್ಲಿರುವ ಸಿ ಜೀವಸತ್ವವಾದರೋ ಅದೇ ಊಟದ ರಾಗಿ, ಸೊಪ್ಪು, ಬೇಳೆಗಳಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಇಷ್ಟರಿಂದಲೇ ಗಾದೆ ಕಟ್ಟಿದವರಿಗೆ ಜೀವಸತ್ವಗಳ ಲೆಕ್ಕ ಮೊದಲೇ ತಿಳಿದಿತ್ತೆಂದು ಸಾಧಿಸಹೊರಡುವುದು ನಗೆಗೀಡಾದೀತು. ಅವರಿಗೆ ಹೊಟ್ಟೆಯುಬ್ಬರವೇ ಸಾಕಷ್ಟು ಪಾಠ ಕಲಿಸಿದ್ದಿರಬೇಕು.

ಆದರೆ ‘ಹಸಿದು’ ಎಂಬುದನ್ನು ಬರಿಯ ಬರಿಹೊಟ್ಟೆ ಎಂದು ಓದುವುದು ಸಾಲದು. ಮಲೆನಾಡು ಮತ್ತು ಕರಾವಳಿಯಲ್ಲಿ ಹೊಸ ಭತ್ತ ಕಣಕ್ಕೆ ಬರಲು ಇನ್ನೂ ತಿಂಗಳುಗಳಿರುವಾಗ, ಕಣಜ ತಳ ಕಾಣುತ್ತಿದ್ದ ಬಡ ಮನೆಗಳಲ್ಲಿ ಹಲಸು ಅನ್ನದ ಕೊರತೆಯನ್ನು ತುಂಬುತ್ತಿತ್ತು. ಎಳೆಯ ಕಾಯಿ, ಅಂದರೆ ಗುಜ್ಜೆ, ಪಲ್ಯವಾಗುತ್ತಿತ್ತು, ಬಲಿತ ಕಾಯಿಯ ತೊಳೆ ಹುಳಿಗೂ ದೋಸೆಯ ಹಿಟ್ಟಿಗೂ ಹಪ್ಪಳಕ್ಕೂ ಒದಗುತ್ತಿತ್ತು, ಹಣ್ಣು ಕಡುಬಾಗುತ್ತಿತ್ತು, ಮಿಕ್ಕ ತೊಳೆ ಭರಣಿಯ ಉಪ್ಪಿನಲ್ಲಿ ಮಳೆಗಾಲಕ್ಕೆಂದು ಕೂತಿರುತ್ತಿತ್ತು. ಈ ಹಿನ್ನೆಲೆಯಲ್ಲಿ ಓದಿದರೆ ಗಾದೆಯ ಮೊದಲರ್ಧ ಸಲಹೆಯಂತೆ ಕೇಳಿಸದೆ ವಸ್ತುಸ್ಥಿತಿಯನ್ನು ಹೇಳುವ ವಾಕ್ಯದಂತೆ ಕೇಳಿಸುತ್ತದೆ: ಹಸಿದವರು ಹಲಸು ತಿನ್ನುತ್ತಾರೆ, ಉಂಡವರು ಮಾವು ತಿನ್ನುತ್ತಾರೆ. ಊಟವಿಲ್ಲದೆಡೆ ಊಟವಾಗಿ ನಿಲ್ಲಬಲ್ಲದ್ದು ಒಂದು, ಊಟ ಮುಗಿದ ಬಳಿಕ ಬಿಡುವಿನ ಸುಖಕ್ಕೆ ಬರುವುದು ಇನ್ನೊಂದು.

ಹಲಸು ಒಬ್ಬರ ಹಣ್ಣಲ್ಲ ಎಂಬುದಕ್ಕೆ ಅದರ ರಚನೆಯೇ ಕಾರಣ. ಸಸ್ಯಶಾಸ್ತ್ರ ಇದನ್ನು ಸಂಯುಕ್ತ ಫಲವೆಂದು ಕರೆಯುತ್ತದೆ, ಅಂದರೆ ಒಂದೇ ದಿಂಡಿನ ಸುತ್ತ ಒತ್ತಾಗಿ ಬಿಟ್ಟ ನೂರಾರು ಸಣ್ಣ ಹೂಗಳು ಕೂಡಿ ಒಂದು ಹಣ್ಣಾಗಿರುತ್ತವೆ. ಬೀಜ ಕಟ್ಟಿದ ಒಂದೊಂದು ಹೂವೂ ಒಂದು ತೊಳೆಯಾದರೆ, ಬೀಜ ಕಟ್ಟದವು ತೊಳೆಗಳ ನಡುವಿನ ನಾರಾಗಿ ಉಳಿಯುತ್ತವೆ. ಮರದ ಮೇಲೆ ಬಿಡುವ ಹಣ್ಣುಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದಾದ ಇದು ಮೂವತ್ತು ನಲವತ್ತು ಕಿಲೊವರೆಗೂ ಬೆಳೆಯಬಲ್ಲದು. ಇಂಥದನ್ನು ಹಜಾರದಲ್ಲಿ ಗೋಣಿಚೀಲ ಹಾಸಿ, ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಒಬ್ಬರು ಸೀಳಿದರೆ, ಇನ್ನೊಬ್ಬರು ಕಡ್ಡಿಗೆ ಮೇಣ ಸುತ್ತಬೇಕು, ಮತ್ತೊಬ್ಬರು ತೊಳೆ ಬಿಡಿಸಬೇಕು, ಮಕ್ಕಳು ಬೀಜ ಬೇರೆ ಮಾಡಬೇಕು. ಮೇಣ ನೀರಿಗೆ ಜಗ್ಗದೆ ಎಣ್ಣೆಗೆ ಮಾತ್ರ ಬಿಡುವುದೆಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದುವ ಮೊದಲೇ ಕೂದಲಿಗೆ ಮೆತ್ತಿಸಿಕೊಂಡು ಕಲಿಯುತ್ತಿದ್ದರು. ಹಣ್ಣು ಬಕ್ಕೆಯೋ, ಅಂದರೆ ಗಟ್ಟಿ ತೊಳೆಯದೋ, ಇಲ್ಲವೆ ಕೈಯಲ್ಲೇ ಬಿರಿಯುವ ಮೆತ್ತನೆಯ ಜಾತಿಯದೋ ಎಂಬ ವಾದ ಹಣ್ಣು ಸೀಳುವ ಮೊದಲೇ ಶುರುವಾಗಿ ಮೊದಲ ತೊಳೆಯೊಂದಿಗೆ ಮುಗಿಯುತ್ತಿತ್ತು. ಇಷ್ಟು ಕೈಗಳ ಕೆಲಸ ಊಟದ ಜಡದಲ್ಲಿ ನಡೆಯುವಂಥದಲ್ಲ. ಹಸಿವಿದ್ದರಷ್ಟೇ ಮೇಣದ ಉಪದ್ರವವನ್ನು ಮನೆಮಂದಿ ಸಹಿಸುತ್ತಾರೆ. ‘ಹಸಿದು’ ಎಂಬ ಷರತ್ತಿನ ಮೂರನೆಯ ಅರ್ಥ ಇದು, ಮತ್ತು ವೈದ್ಯರ ಅರ್ಥಕ್ಕಿಂತ ಇದೇ ಹೆಚ್ಚು ಸರಸವಾದದ್ದು.

ಹಲಸಿನ ಕೂಟ ಹಣ್ಣಿನೊಂದಿಗೆ ಮುಗಿಯುತ್ತಿರಲಿಲ್ಲ. ತುಳುನಾಡಿನಲ್ಲಿ ಬೀಜಗಳನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸಿದ ‘ಸಾಂತಾಣಿ’ ಎಂಬ ತಿನಿಸು ಆಟಿ ತಿಂಗಳಿಗೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ಕಾಲಕ್ಕೆ ಹೊರಬರುತ್ತಿತ್ತು. ಗದ್ದೆಯ ಕೆಲಸ ಸಡಿಲಗೊಂಡು ಮನೆಯೊಳಗೇ ಕೂರಬೇಕಾದ ಆ ದಿನಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಎರಡು ಸಾಲುಗಳಲ್ಲಿ ಏಳೇಳು ಕುಳಿಗಳಿರುವ ಈ ಮರದ ಹಲಗೆಯಲ್ಲಿ ಕುಳಿಗೆ ನಾಲ್ಕರಂತೆ ಕಾಳು ತುಂಬಿ, ಒಂದು ಕುಳಿಯ ಕಾಳುಗಳನ್ನು ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಂಚುತ್ತ ಸಾಗುವುದು ಆಟದ ಕ್ರಮ. ಹಳೆ ಮೈಸೂರಿನ ಕಡೆ ಇದೇ ಬಗೆಯ ಆಟಕ್ಕೆ ಅಳಗುಳಿ ಮಣೆ ಎಂದು ಹೆಸರು. ಬಾಯಲ್ಲಿ ಗಟ್ಟಿ ಸಾಂತಾಣಿ ಇರುವಾಗ ಎದುರಾಳಿಯನ್ನು ಹಂಗಿಸುವ ಮಾತು ತಾನಾಗಿಯೇ ಕಡಿಮೆಯಾಗುತ್ತಿತ್ತೆಂಬುದು ಆ ತಿನಿಸಿನ ಇನ್ನೊಂದು ಉಪಕಾರ.

ಮಾವಿನ ಪಾಡು ಬೇರೆ. ಹುಲ್ಲಿನಲ್ಲಿ ಅಡೆ ಹಾಕಿದ ರಸಪುರಿಯೋ ಬಾದಾಮಿಯೋ ಹಣ್ಣಾದ ವಾಸನೆ ಕೋಣೆಯಿಂದ ಹೊರಬಂದ ಮೇಲೆ, ಅದನ್ನು ತಿನ್ನಲು ಒಂದು ಕತ್ತಿ ಸಾಕು, ಅದೂ ಇಲ್ಲದಿದ್ದರೆ ಹಲ್ಲು ಸಾಕು. ಆದುದರಿಂದ ಮಾವು ಜನರನ್ನು ಕೆಲಸಕ್ಕೆಂದು ಕೂಡಿಸುವುದಿಲ್ಲ. ಊಟ ಮುಗಿಸಿ ಏಳಬೇಕಾದವರನ್ನು ಏಳದಂತೆ ಹಿಡಿದು ಕೂರಿಸುತ್ತದೆ. ಮೈಸೂರು ಸೀಮೆಯಲ್ಲಿ ಅದು ಹಾಲು, ಬೆಲ್ಲ, ಏಲಕ್ಕಿ ಬೆರೆತ ಸೀಕರಣೆಯಾಗಿ, ಕರಾವಳಿಯಲ್ಲಿ ತೆಂಗಿನಹಾಲಿನ ರಸಾಯನವಾಗಿ ಬರುತ್ತದೆ. ಹೋಳು ಹಿರಿಯರ ತಟ್ಟೆಗೆ ಹೋದರೆ ಗೊರಟು ಚೀಪುವ ಹಕ್ಕು ಯಾರದೆಂಬ ವ್ಯಾಜ್ಯ ಮಕ್ಕಳಲ್ಲಿ ಏಳುತ್ತದೆ. ಬೇಸಿಗೆ ರಜೆಯ ಅಂಥ ಮಧ್ಯಾಹ್ನಗಳ ಮುಂದುವರಿಕೆಯೇ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕ ಬರೆದು, ನಾಲ್ಕು ಕವಡೆಗಳನ್ನಾಗಲಿ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳನ್ನಾಗಲಿ ಎಸೆದು ಆಡುವ ಈ ಆಟದಲ್ಲಿ ಎಲ್ಲವೂ ಮೇಲ್ಮುಖವಾದರೆ ನಾಲ್ಕು, ಎಲ್ಲವೂ ಮಗುಚಿದರೆ ಎಂಟು. ಅಜ್ಜಿಯರು ಮೊಮ್ಮಕ್ಕಳಿಗೆ ಬೇಕೆಂದೇ ಸೋಲುತ್ತಿದ್ದರೆಂಬ ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಕಾಯಿ ಕಡಿಯುವ ಅವಕಾಶ ಬಂದಾಗ ಕರುಣೆ ತೋರಿದ ಅಜ್ಜಿಯರು ಕಡಿಮೆ.

ಗಾದೆ ಒಂದು ವಿಷಯದಲ್ಲಿ ಮಾತ್ರ ಮೌನವಾಗಿದೆ: ಉಂಡ ಮೇಲೆ ಎಷ್ಟು ಮಾವು ಎಂದು ಅದು ಹೇಳುವುದಿಲ್ಲ. ಹೊಲಗದ್ದೆಯಲ್ಲಿ ದುಡಿದು ಬಂದ ಮೈಗೆ ಹೇಳಿದ ಮಾತನ್ನು ಕುರ್ಚಿಯಲ್ಲಿ ದಿನ ಕಳೆಯುವವರು, ಅದರಲ್ಲೂ ಮಧುಮೇಹವಿರುವವರು, ಯಥಾವತ್ತಾಗಿ ಪಾಲಿಸುವಂತಿಲ್ಲ. ಉಳಿದಂತೆ ಉತ್ತರಾರ್ಧಕ್ಕೆ ನಗರದ ಮನೆಗಳಲ್ಲಿ ಹೆಚ್ಚು ಕುಂದು ಬಂದಿಲ್ಲ, ಕುಂದಿರುವುದು ಪೂರ್ವಾರ್ಧ. ಬಿಡಿಸಿದ ತೊಳೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಂದು ಊಟದ ನಂತರದ ಸಿಹಿಯಾಗಿ ಹಂಚಿಹೋಗುವಾಗ ಹಲಸು ಮಾವಿನ ಜಾಗದಲ್ಲಿ ಕೂತಂತಾಗಿದೆ, ಮೇಣದೊಂದಿಗೆ ಕೂಟವೂ ಅಂಗಡಿಯಲ್ಲೇ ಉಳಿದಿದೆ. ಇದಕ್ಕೆ ದೊಡ್ಡ ಹಣ್ಣು ಸಣ್ಣ ಕುಟುಂಬಕ್ಕೆ ಒಗ್ಗದೆಂಬ ನೆವ ಇನ್ನು ನಡೆಯದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿದ್ದ ಒಂದು ಮರದಿಂದ ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರ ಪ್ರಚಾರಕ್ಕೆ ತಂದ ‘ಸಿದ್ದು’ ತಳಿಯ ಕೆಂಪು ತೊಳೆಯ ಹಣ್ಣು ಸರಾಸರಿ ಎರಡೂವರೆ ಕಿಲೊ ಮಾತ್ರ ತೂಗುತ್ತದೆ. ಮೂವರೇ ಇರುವ ಮನೆಯವರೂ ಮುಂದಿನ ಹಂಗಾಮಿನಲ್ಲಿ ಅಂಥದೊಂದನ್ನು ಇಡಿಯಾಗಿ ತಂದು, ಊಟಕ್ಕೆ ಮುಂಚೆ, ಮಕ್ಕಳನ್ನು ಸುತ್ತ ಕೂರಿಸಿಕೊಂಡೇ ಬಿಡಿಸಬಹುದು. ಎಣ್ಣೆಯನ್ನು ಮಾತ್ರ ಮೊದಲೇ ಹಚ್ಚಿಕೊಳ್ಳಬೇಕು.