ದೆವ್ವದ ಕಥೆಯೂ ಕೊಲೆಯ ವೃತ್ತಾಂತವೂ

ದೆವ್ವದ ಕಥೆಗಳನ್ನು ಓದಬಾರದೆಂದು ನಮ್ಮ ಸಭೆಗಳ ಹಿರಿಯರು ಎಳೆಯರಿಗೆ ಬುದ್ಧಿ ಹೇಳುವದುಂಟು. ಆದರೆ ಕೊಲೆ ಸುಲಿಗೆಗಳ ವೃತ್ತಾಂತವನ್ನು ಆ ಹಿರಿಯರೇ ಪತ್ರಿಕೆಯಲ್ಲಿಯೂ ಟಿ.ವಿ.ಯಲ್ಲಿಯೂ ಬಲು ಆಸಕ್ತಿಯಿಂದ ಅರಸುತ್ತಾರೆ. ಅದು ಕಟ್ಟುಕಥೆಯಲ್ಲ, ನಡೆದ ಸಂಗತಿ ಎಂಬುದೇ ಅವರ ಸಮಾಧಾನ. ಪ್ರಿಯ ವಾಚಕರೇ, ನಡೆದದ್ದೆಂಬ ಮಾತ್ರಕ್ಕೆ ಆ ಓದು ನಿರ್ದೋಷವಾಗುವದೋ?

ಬಳ್ಳಾರಿಯಲ್ಲಿ ಹುಟ್ಟಿ, 1995ರಲ್ಲಿ ‘ಹಾಯ್ ಬೆಂಗಳೂರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿ, 2020ರಲ್ಲಿ ತೀರಿಹೋದ ರವಿ ಬೆಳಗೆರೆಯವರ ಹೆಸರನ್ನು ಬಹುಜನರು ಬಲ್ಲರು. ಬೆಂಗಳೂರಿನ ಪಾತಕಿಗಳ ವಿಷಯದಲ್ಲಿ ‘ಪಾಪಿಗಳ ಲೋಕದಲ್ಲಿ’ ಎಂಬ ಪುಸ್ತಕವನ್ನೂ ‘ಭೀಮಾ ತೀರದ ಹಂತಕರು’ ಎಂಬದನ್ನೂ ಅವರು ಬರೆದರು. ಭೀಮೆ ನಮಗೆ ಪರದೇಶದ ಹೊಳೆಯಲ್ಲ. ಹನುಮಸಾಗರದಿಂದ ಬಡಗಲಾಗಿ ಹೋಗಿ ಕೃಷ್ಣೆಯನ್ನು ದಾಟಿ, ವಿಜಯಪುರದ ಸೀಮೆಯನ್ನು ಹಾದರೆ ಅದರ ದಡ ಸಿಕ್ಕುವದು. ಅದೇ ಲೇಖನಿಯಿಂದ ‘ಮಾಟಗಾತಿ’, ‘ಸರ್ಪ ಸಂಬಂಧ’ ಎಂಬ ಕಾದಂಬರಿಗಳೂ ಹೊರಟವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡಕ್ಕೂ ಬೇಕಾದ ಸಾಮಗ್ರಿ ಒಂದೇ: ಕತ್ತಲೆ, ಒಂಟಿ ದಾರಿ, ಮುಚ್ಚಿಟ್ಟ ಗುಟ್ಟು, ಕಡೇ ಪುಟದ ವರೆಗೆ ತಡೆದಿಟ್ಟ ಉತ್ತರ. ವಾಚಕನಾದರೋ ಬಾಗಿಲಿಗೆ ಅಗುಳಿ ಹಾಕಿ, ದೀಪದ ಬಳಿ ಕ್ಷೇಮವಾಗಿ ಕೂತು ಹೆದರುತ್ತಾನೆ. ಹೆದರಿಕೆಯು ಅವನಿಗೆ ರುಚಿಯಾಗುತ್ತದೆ.

ಇನ್ನೂ ಒಂದು ಹೋಲಿಕೆಯುಂಟು, ನಮಗೆ ಹೆಚ್ಚು ಚಿಂತೆಯನ್ನು ಹುಟ್ಟಿಸುವದು ಇದೇ. ಕೊಲೆಯ ವರದಿಗಾರರು ಕೊಲೆಗಾರನನ್ನು ನರರಾಕ್ಷಸನೆಂದೂ ಪಿಶಾಚಿಯೆಂದೂ ಕರೆಯುತ್ತಾರೆ. ಹಾಗೆ ಕರೆದ ಕೂಡಲೆ ಅವನು ಮನುಷ್ಯ ಜಾತಿಯಿಂದ ಹೊರಗಾದನು, ನಾವು ಬದುಕಿಕೊಂಡೆವು! ಕೇಡು ಎಂಬದು ಹುಣಸೇಮರದಲ್ಲಿಯೋ ಸೆರೆಮನೆಯಲ್ಲಿಯೋ ಇರುವದು, ನಮ್ಮ ಅಂಗಳದಲ್ಲಿ ಇರುವದಿಲ್ಲ.

ಆದಿಕಾಂಡದ ನಾಲ್ಕನೆಯ ಅಧ್ಯಾಯವು ಕೊಲೆಯನ್ನು ಹೇಗೆ ಹೇಳುತ್ತದೆಂದು ನೋಡಿರಿ. ಕಾಯಿನನು ರಾಕ್ಷಸನಲ್ಲ, ನಮ್ಮ ಹಾಗೆ ಹೊಲ ಗೇಯುವವನು, ಕಾಣಿಕೆಯನ್ನು ತಂದವನು. ಯಾವ ಆಯುಧದಿಂದ ಹೊಡೆದನು, ಗಾಯವೆಷ್ಟು ಎಂಬದು ಅಲ್ಲಿಲ್ಲ. ಕೊಲೆಗೆ ಮುಂಚೆ ದೇವರು ಅವನನ್ನು ಎಚ್ಚರಿಸಿದ್ದು ಉಂಟು. ಕೊಲೆಯ ತರುವಾಯ ತಮ್ಮನೆಲ್ಲಿ ಎಂಬ ವಿಚಾರಣೆ ಉಂಟು. ಇಂದಿನ ವೃತ್ತಾಂತಗಳು ಬಹುಶಃ ಬಿಟ್ಟುಬಿಡುವದು ಆ ತಮ್ಮನನ್ನೇ. ಹಂತಕನ ಹೆಸರು ಎಲ್ಲರ ಬಾಯಲ್ಲಿ ನಿಲ್ಲುವದು. ಸತ್ತವನ ಹೆಂಡತಿ ಮಕ್ಕಳು ಎಲ್ಲಿ ಕೂಲಿಗೆ ಹೋದರೆಂದು ಕೇಳುವವರಿಲ್ಲ.

ಹಾಗಾದರೆ ದೆವ್ವದ ಕಥೆಯಿಂದ ಯಾರಿಗೂ ಹಾನಿಯಿಲ್ಲವೋ ಎಂದು ಕೇಳಬಹುದು. ಕಥೆಯು ಪುಸ್ತಕದಲ್ಲಿಯೇ ಉಳಿದರೆ ಸರಿ. ಅದು ಓಣಿಗೆ ಇಳಿದು, ದಿಕ್ಕಿಲ್ಲದ ವಿಧವೆಯೊಬ್ಬಳಿಗೆ ಮಾಟಗಾತಿಯೆಂಬ ಹೆಸರು ಕೊಟ್ಟಾಗ ಅಲ್ಲಿಂದ ನಿಜವಾದ ಅಪರಾಧವು ಹುಟ್ಟುವದು. ದೆವ್ವ ಬಿಡಿಸುವೆವೆಂದು ಮನುಷ್ಯರನ್ನು ಕಟ್ಟಿ ಹೊಡೆಯುವಂಥ ಕೃತ್ಯಗಳನ್ನು ದಂಡನೆಗೆ ಗುರಿಮಾಡುವ 2017ರ ಕರ್ನಾಟಕದ ಕಾಯಿದೆಯು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಇಂಥಾ ಹೊಡೆತಕ್ಕೆ ನಮ್ಮ ಸಭೆಯವರು ಪ್ರಾರ್ಥನೆಯ ಹೆಸರನ್ನು ಇಟ್ಟರೂ ಅದು ಹೊಡೆತವೇ.

ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಏಂದೋರಿನ ಸ್ತ್ರೀಯ ವಿಷಯವುಂಟು. ಸತ್ತವರನ್ನು ಎಬ್ಬಿಸುವವಳೆಂದು ನಾವು ಅವಳನ್ನು ನೆನೆಯುತ್ತೇವೆ, ಅವಳ ವಿದ್ಯೆಯನ್ನು ಧರ್ಮಶಾಸ್ತ್ರವು ನಿಷೇಧಿಸಿದ್ದೂ ನಿಜ. ಆದರೆ ಆ ರಾತ್ರಿಯ ಕಥೆಯು ಅಲ್ಲಿಗೆ ನಿಲ್ಲುವದಿಲ್ಲ. ಅರಸನು ಊಟವಿಲ್ಲದೆ ನೆಲಕ್ಕೆ ಬಿದ್ದಿರಲು, ಅವಳು ತನ್ನ ಮನೆಯ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ ರೊಟ್ಟಿ ಸುಟ್ಟು, ಅವನಿಗೂ ಅವನ ಆಳುಗಳಿಗೂ ಬಡಿಸಿದಳು.