ಹೃದಯವನ್ನು ಕಾಯುವ ಕಿಡಿ

ನೋವೆಲ್ಲವೂ ಕೆಡುಕೇ? ಪ್ರಿಯ ಓದುಗರೇ, ಈ ಹಳೆಯ ಪ್ರಶ್ನೆಯನ್ನು ಇಂದು ನಮ್ಮ ಎದೆಯೊಳಗೆ ಮಿಡಿಯುತ್ತಿರುವ ಹೃದಯದ ಬಳಿಯೇ ಕೇಳಿ ನೋಡೋಣ.

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವಾಗ 'ಫ್ರೀ ರಾಡಿಕಲ್'ಗಳೆಂಬ ಕಣಗಳು ಹುಟ್ಟುತ್ತವೆ. ಜೊತೆಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಇವು ಸಿಕ್ಕಿದ್ದರೊಡನೆ ಬೆರೆಯಲು ಹವಣಿಸುತ್ತವೆ. ಒಲೆಯಿಂದ ಸಿಡಿದ ಕಿಡಿಗಳಂತೆ ಕೋಶದ ಪೊರೆಯನ್ನೂ ವಂಶವಾಹಿಗಳನ್ನೂ ಘಾಸಿಗೊಳಿಸಬಲ್ಲವು. ಮುಪ್ಪಿಗೆ ಇವೇ ಕಾರಣವೆಂದು 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಪ್ರತಿಪಾದಿಸಿದರು. ಹೃದಯಾಘಾತದಲ್ಲಿ ಮುಚ್ಚಿದ್ದ ರಕ್ತನಾಳ ತೆರೆದು ರಕ್ತ ಮರಳಿ ಹರಿದಾಗ ಇವು ಒಮ್ಮೆಲೇ ಉಕ್ಕಿ ಹಾನಿಯನ್ನು ಹೆಚ್ಚಿಸುವುದೂ ಉಂಟು. ಹೀಗಿರುವಾಗ ಇವನ್ನು ಶತ್ರುಗಳೆಂದೇ ಎಣಿಸುವುದು ಸಹಜ.

ಆದರೆ 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮರ್ರಿ ಮತ್ತು ಸಂಗಡಿಗರು ಬೇರೊಂದು ಮುಖವನ್ನು ಕಂಡರು. ನಾಯಿಗಳ ಹೃದಯದ ಒಂದು ರಕ್ತನಾಳವನ್ನು ಅವರು 5 ನಿಮಿಷ ಮುಚ್ಚಿ, 5 ನಿಮಿಷ ತೆರೆದರು. ಹೀಗೆ 4 ಬಾರಿ ಮಾಡಿದರು. ಬಳಿಕ ಅದೇ ನಾಳವನ್ನು 40 ನಿಮಿಷ ಮುಚ್ಚಿದಾಗ, ಈ ಸಿದ್ಧತೆ ಇಲ್ಲದ ಹೃದಯಗಳಿಗೆ ಹೋಲಿಸಿದರೆ ಕಾಲು ಭಾಗದಷ್ಟು ಸ್ನಾಯು ಮಾತ್ರ ಸತ್ತಿತ್ತು. ಚಿಕ್ಕ ಪೆಟ್ಟು ದೊಡ್ಡ ಪೆಟ್ಟಿನಿಂದ ಕಾಪಾಡಿತ್ತು! ಆ ಚಿಕ್ಕ ಪೆಟ್ಟಿನಲ್ಲಿ ಹುಟ್ಟುವ ಅಲ್ಪ ಪ್ರಮಾಣದ ಫ್ರೀ ರಾಡಿಕಲ್‌ಗಳೇ ಎಚ್ಚರಿಕೆಯ ಕರೆಯಾಗಿ ಕೋಶದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುತ್ತವೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಅವನ್ನು ಅಳಿಸುವ ಔಷಧಿಯನ್ನು ಆಗ ಪ್ರಾಣಿಗಳಿಗೆ ಕೊಟ್ಟಾಗ ಕೆಲವು ಪ್ರಯೋಗಗಳಲ್ಲಿ ರಕ್ಷಣೆಯೇ ಇಲ್ಲವಾಯಿತು.

ಹಾಗಾದರೆ 'ಕಷ್ಟವೇ ಮನುಷ್ಯನನ್ನು ಗಟ್ಟಿಗೊಳಿಸುತ್ತದೆ' ಎಂದುಬಿಡೋಣವೇ? ಅವಸರ ಬೇಡ. ಅದೇ ಪ್ರಯೋಗದಲ್ಲಿ ರಕ್ತನಾಳವನ್ನು 3 ಗಂಟೆ ಮುಚ್ಚಿದಾಗ ಈ ಸಿದ್ಧತೆಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಹೃದಯವನ್ನು ಕಾಪಾಡಿದ್ದು ಬರಿಯ ನೋವಲ್ಲ. ಆ ನೋವು ಚಿಕ್ಕದಾಗಿತ್ತು, ನಡುನಡುವೆ ರಕ್ತ ಮರಳಿ ಹರಿದಿತ್ತು.

ದೇಹದ ನಿಯಮವೇ ನೀತಿಯ ನಿಯಮವಲ್ಲ, ನಿಜ. ಆದರೂ ಇಲ್ಲಿ ನಮಗೊಂದು ವಿವೇಕದ ಮಾತಿದೆ. ಪರೀಕ್ಷೆಯಲ್ಲಿ ಸೋತ ಮಗುವಿಗೆ ಆ ಸೋಲನ್ನು ಅನುಭವಿಸಲು ಬಿಡಿ. ಪ್ರತಿಯೊಂದು ಕಿಡಿಯನ್ನೂ ನೀವೇ ಆರಿಸಬೇಡಿ. ಆದರೆ ಸಂಜೆ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುತ್ತಿರುವ ಸೊಸೆಗೆ, ಸಾಲದಲ್ಲಿ ಮುಳುಗಿದ ನೆರೆಯವನಿಗೆ 'ಸಹಿಸಿಕೊಳ್ಳಿ, ಒಳ್ಳೆಯದಾಗುತ್ತದೆ' ಎಂದು ಉಪದೇಶಿಸುವ ಮುನ್ನ ಯೋಚಿಸಿರಿ. ಅವರದು 5 ನಿಮಿಷದ ಕಷ್ಟವಲ್ಲ. ತನ್ನ ನೋವಿನಲ್ಲಿ ಅರ್ಥವನ್ನು ಕಾಣುವ ಹಕ್ಕು ನೊಂದವರಿಗಿದೆ. ನೋಡುತ್ತ ನಿಂತವರ ಪಾಲಿಗಿರುವುದು ಕರ್ತವ್ಯ ಮಾತ್ರ.

ಆ ಸೊಸೆಗೆ ಒಂದು ದಿನದ ಬಿಡುವು, ಆ ನೆರೆಯವನಿಗೆ ಒಂದು ಕಂತಿನ ನೆರವು: ನಿಮ್ಮ ಕೈಯಲ್ಲಿ ಇಷ್ಟಾದರೂ ಇದ್ದೀತು. ನಿಂತ ರಕ್ತ ಮತ್ತೆ ಹರಿಯಲು ಕೆಲವೊಮ್ಮೆ ಅಷ್ಟು ಸಾಕು.